ಸೋತವರ ಮನೆಯ ನೀರು

ಆ ಶುಕ್ರವಾರ ಬೆಳಿಗ್ಗೆ ಬಾಫೋ ಮತ್ತು ಅಲ್ಹಾಜಿ ಸೀದು ಜೊತೆಯಾಗಿ ನನ್ನ ಅಂಗಳಕ್ಕೆ ಬಂದರು. ಇಬ್ಬರೂ ರಸ್ತೆ ಕೆಲಸದ ಗುತ್ತಿಗೆದಾರರು. ಒಬ್ಬರ ಲಾರಿ ಮುಂದೆ ಹೋದರೆ ಇನ್ನೊಬ್ಬರು ಅದರ ಧೂಳಿಗೂ ಬೈಯುವಂಥವರು. ಅವರು ಒಬ್ಬರ ಪಕ್ಕ ಒಬ್ಬರು ನಡೆದು ಬರುವುದನ್ನು ಕಂಡಾಗಲೇ ನಾನು ಕೂತಲ್ಲಿಂದ ಎದ್ದು ನಿಂತೆ. ನಮ್ಮಲ್ಲಿ ಕೆಟ್ಟ ಸುದ್ದಿಯನ್ನು ಒಬ್ಬನೇ ಹೊತ್ತು ತರುವುದಿಲ್ಲ.

ನನ್ನ ಹೆಂಡತಿ ಕುರ್ಚಿ ಹಾಕಿ ನೀರು ತಂದಳು. ಅಲ್ಹಾಜಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಬಾಫೋ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತ. ಬೇರೆ ದಿನವಾಗಿದ್ದರೆ, “ನೀರು ಮಾತ್ರಾನಾ ಒಪನಿನ್? ಒಳಗಿಂದ ಸೂಪಿನ ವಾಸನೆ ಬರ್ತಿದೆಯಲ್ಲ” ಎಂದು ನನ್ನ ಹೆಂಡತಿಗೆ ಕೇಳಿಸುವಂತೆ ಹೇಳುತ್ತಿದ್ದ.

ನೀರು ಕೊಟ್ಟ ಮೇಲೆ ಮನೆಯ ಹಿರಿಯನು, ನಮ್ಮ ಮಾತಿನಲ್ಲಿ ಒಪನಿನ್, ಬಂದ ಕಾರಣ ಕೇಳಲೇಬೇಕು. ನಾನು ಕೇಳಿದೆ.

“ಇಲ್ಲಿ ಎಲ್ಲ ತಣ್ಣಗಿದೆ. ದಾರಿ ನಡೆದು ಬಂದವರು ನೀವು. ಹೇಳಿ.”

ಬಾಫೋ ಅಲ್ಹಾಜಿಯವರ ಮುಖ ನೋಡಿದ. ಅಲ್ಹಾಜಿ ಜಪಮಾಲೆಯನ್ನು ಬೆರಳಿಗೆ ಸುತ್ತಿಕೊಂಡು ಹೇಳಿದರು.

“ಒಪನಿನ್, ನಾವು ತಂದಿರೋ ಮಾತು ಒಳ್ಳೇದಲ್ಲ. ಬಿರಾಗೊ ಮೇಡಂ ಆಫೀಸಿನ ಮುಂದೆ ಬೆಂಚ್ ಮೇಲೆ ಕೂತು ಟ್ಯಾಕ್ಸಿ ಕಾಯ್ತಿದ್ರಂತೆ. ತಲೆ ಗೋಡೆಗೆ ಒರಗಿಸಿದ್ರು. ನಿದ್ದೆ ಬಂದಿರಬೇಕು ಅಂದ್ಕೊಂಡ್ರಂತೆ ಜನ. ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಅಲ್ಲಿ ಮಾಡೋಕೆ ಏನೂ ಉಳಿದಿರಲಿಲ್ಲ.”

ಒಳಗೆ ನನ್ನ ಹೆಂಡತಿಯ ಕೈಯಿಂದ ಪಾತ್ರೆ ಬಿದ್ದ ಸದ್ದು ಕೇಳಿತು. ಆಮೇಲೆ ಅವಳ ಕೂಗು.

ಬಿರಾಗೊ ನನ್ನ ತಂಗಿಯ ಮಗಳು. ನಮ್ಮ ಜನರಲ್ಲಿ ತಂಗಿಯ ಮಕ್ಕಳೇ ವಂಶ. ಅವರಿಗೆ ತಂದೆಗಿಂತ ಸೋದರಮಾವನೇ ಹತ್ತಿರ. ತಂಗಿ ತೀರಿಹೋದ ಮೇಲೆ ನನ್ನ ಮನೆಯಲ್ಲೇ ಬೆಳೆದಳು, ನನ್ನ ಮನೆಯಿಂದಲೇ ಓದಲು ಹೋದಳು. ಜಿಲ್ಲಾ ಸಭೆಯ ಕಾಮಗಾರಿ ವಿಭಾಗದ ದೊಡ್ಡ ಕುರ್ಚಿಯಲ್ಲಿ ಕುಳಿತ ಮೇಲೂ ಸೋದರಮಾವನಾದ ನನ್ನನ್ನು ‘ವೋಫಾ’ ಎಂದು ಕರೆಯುವಾಗ ಅವಳ ದನಿಯಲ್ಲಿ ಕಡುಬು ಕೇಳುವ ಮಗುವಿನ ರಾಗ ಇರುತ್ತಿತ್ತು.

ಏನು ಕೇಳಬೇಕೋ ತೋಚದೆ, “ಎಲ್ಲಿಗೆ ಹೊರಟಿದ್ದಳು?” ಎಂದೆ.

ಬಾಫೋ ಆಗ ಬಾಯಿ ತೆರೆದ. “ನಮ್ಮ ಹಾಗೇ ಗುತ್ತಿಗೆ ಮಾಡೋ ಡಾರ್ಕೊ ಮನೆಗೆ. ಹೋದ ವಾರ ನನ್ನ ಮನೆಗೆ ಬಂದಿದ್ರು, ಅಲ್ಹಾಜಿ ಮನೆಗೂ ಹೋಗಿದ್ರು. ನೀರು ಕುಡಿದು ಹೇಳೋದು ಹೇಳಿ ಹೋದ್ರು. ಅವನೊಬ್ಬನೇ ಬಾಕಿ ಇದ್ದ.”

ಇಷ್ಟು ಹೇಳಿ ಅವನು ಆ ಲೋಟದ ನೀರನ್ನು ಕುಡಿಯದೆ, ಹೋದವಳ ಪಾಲಿಗೆಂದು ನೆಲಕ್ಕೆ ಸುರಿದ.

ಈ ನೀರು ಕುಡಿಯುವ ಮಾತನ್ನು ತಿಳಿಸಿ ಮುಂದುವರಿಯಬೇಕು. ಅವಳ ಬಾಳಿನ ಹೆಮ್ಮೆ ಅದರಲ್ಲೇ ಇದೆ.

ನಮ್ಮ ಜಿಲ್ಲಾ ಸಭೆ ಪ್ರತಿಯೊಂದು ಸಣ್ಣ ಕೆಲಸಕ್ಕೂ ಹೊಸದಾಗಿ ದೊಡ್ಡ ಟೆಂಡರು ಕರೆಯುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಕರೆದು, ಯೋಗ್ಯರೆಂದು ಕಂಡ ನಾಲ್ವರು ಗುತ್ತಿಗೆದಾರರೊಡನೆ ಒಂದು ಮೂಲ ಒಪ್ಪಂದ ಮಾಡಿಕೊಳ್ಳುತ್ತದೆ. ಆಮೇಲೆ ಇಲ್ಲೊಂದು ಮೋರಿ ಕುಸಿಯಿತು, ಅಲ್ಲೊಂದು ರಸ್ತೆ ಕೊರೆದುಹೋಯಿತು ಎಂದಾಗಲೆಲ್ಲ ಆ ನಾಲ್ವರನ್ನೇ ಕೇಳಿ, ಅವರಲ್ಲಿ ಒಬ್ಬರಿಗೆ ಆ ಒಂದು ಕೆಲಸದ ಕಾರ್ಯಾದೇಶ ಕೊಡುತ್ತದೆ. ಕೇಳುವವರಿಗೆ ಸುಲಭವೆನಿಸುತ್ತದೆ. ಆದರೆ ನಾಲ್ವರೇ ಇರುವಾಗ ಪ್ರತಿಯೊಬ್ಬನಿಗೂ ಉಳಿದ ಮೂವರು ಗೊತ್ತು. ಯಾರ ಅತ್ತಿಗೆ ಯಾವ ಆಫೀಸಿನಲ್ಲಿದ್ದಾಳೆ, ಯಾರ ಮನೆಯ ಮದುವೆಗೆ ಯಾವ ಅಧಿಕಾರಿ ಬಂದಿದ್ದ ಎಂಬುದೆಲ್ಲ ಗೊತ್ತು. ಬಿರಾಗೊ ಆ ಕುರ್ಚಿಗೆ ಬರುವ ಮೊದಲು ಕಾರ್ಯಾದೇಶಗಳು ಹೇಗೆ ಹೋಗುತ್ತಿದ್ದವು ಎಂಬುದನ್ನು ಊರೆಲ್ಲ ಬಲ್ಲದು. ನಾನು ಬರೆಯುವುದಿಲ್ಲ.

ಅವಳು ಬಂದ ಮೇಲೆ ನಾಲ್ವರಿಗೂ ಒಂದೇ ದಿನ, ಒಂದೇ ಮಾತಿನಲ್ಲಿ ಕರೆ ಹೋಗತೊಡಗಿತು. ಈ ಕೆಲಸಕ್ಕೆ ಮೊದಲು ಏನನ್ನು ತೂಗುತ್ತೇವೆ, ಬೆಲೆಯೋ, ವೇಗವೋ, ಹಿಂದಿನ ಕೆಲಸದ ಗಟ್ಟಿತನವೋ ಎಂಬುದನ್ನು ಮುಂಚೆಯೇ ಹೇಳುತ್ತಿದ್ದಳು. ನಾಲ್ವರನ್ನೂ ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಿ ಸ್ಥಳದ ಹಿರಿಯರಿಂದಲೇ ಮಾತಾಡಿಸುತ್ತಿದ್ದಳು. ತೀರ್ಮಾನ ಒಂದು ಸಮಿತಿಯದು. ಅಳೆದು ಸಮಿತಿಯ ಮುಂದಿಡುವವಳು ಅವಳು.

ಸೋತವರಿಗೆ ಕಾರಣ ತಿಳಿಸಬೇಕೆಂದು ನಿಯಮದಲ್ಲೇ ಇದೆ. ಒಂದು ಕಾಗದ ಕಳಿಸಿದ್ದರೆ ಸಾಕಿತ್ತು. ಅವಳು ಕಾಗದವನ್ನು ಆಮೇಲೆ ಕಳಿಸುತ್ತಿದ್ದಳು. ಮೊದಲು ತಾನೇ ಹೋಗುತ್ತಿದ್ದಳು. ಗೆದ್ದವರ ಮನೆಗೆ ಎಂದೂ ಹೋದವಳಲ್ಲ.

“ಇದೇನು ಹುಚ್ಚು?” ಎಂದು ನಾನು ಒಮ್ಮೆ ಕೇಳಿದ್ದೆ. “ಬಿಸಿಲಲ್ಲಿ ಹೋಗಿ ಬೈಸ್ಕೊಂಡು ಬರ್ತೀಯಲ್ಲ.”

“ಕಾಗದಕ್ಕೆ ಯಾರೂ ನೀರು ಕೊಡಲ್ಲ ವೋಫಾ. ನನಗೆ ನೀರು ಕೊಟ್ಟು ಬಂದ ಕಾರಣ ಕೇಳಿದವನು, ಹೇಳಿದ್ದನ್ನ ಕೇಳಿಸ್ಕೊಳ್ಳಲೇಬೇಕು. ನಾನೂ ಅವನ ನೀರು ಕುಡಿದು ಸುಳ್ಳು ಹೇಳೋಕಾಗಲ್ಲ.”

ಮೊದಲ ಸಲ ಬಾಫೋನ ಮನೆಗೆ ಹೋದಾಗ ಅವನು ಹಿತ್ತಿಲಿನ ಬಾಳೆಯ ಹಿಂದೆ ಅವಿತುಕೊಂಡಿದ್ದನಂತೆ. ಅವನ ಹೆಂಡತಿಯೇ ನೀರು ಕೊಟ್ಟು, “ಮೇಡಂ, ಅವರು ಊರಲ್ಲಿಲ್ಲ” ಎಂದಳಂತೆ. ಬಿರಾಗೊ ನೀರು ಕುಡಿದು, ಬಾಳೆಯ ಗಿಡದ ಕಡೆ ತಿರುಗಿ, “ಹಾಗಾದ್ರೆ ಅವರು ಬಂದಾಗ ಹೇಳಿ. ಹೋದ ವರ್ಷ ಅವರು ಕಟ್ಟಿದ ಮೋರಿ ಬಾಯಲ್ಲಿ ಗುಂಡುಕಲ್ಲು ಹಾಕಿದ್ದಾರೆ. ಒಡೆದ ಕಲ್ಲು ಹಾಕಬೇಕಿತ್ತು. ಗುಂಡುಕಲ್ಲು ಉರುಳುತ್ತೆ, ಕಚ್ಚಿಕೊಳ್ಳಲ್ಲ. ಅದಕ್ಕೇ ಈ ಕೆಲಸ ಅವರಿಗೆ ಬರಲಿಲ್ಲ” ಎಂದಳಂತೆ. ಬಾಳೆಯ ಹಿಂದಿನಿಂದ ದನಿ ಬಂತಂತೆ: “ಒಡೆದ ಕಲ್ಲು ಹಾಕಿದ್ರೆ ಮುಂದಿನದು ಸಿಗುತ್ತಾ?”

“ಊರಲ್ಲಿಲ್ಲದವರಿಗೆ ನಾನು ಮಾತು ಕೊಡಲ್ಲ!” ಎಂದು ಇವಳು ನಕ್ಕು ಎದ್ದಳಂತೆ. ಈ ಕಥೆಯನ್ನು ನನಗೆ ಹೇಳಿದವನು ಬಾಫೋನೇ. ಮುಂದಿನ ಕೆಲಸದಲ್ಲಿ ಒಡೆದ ಕಲ್ಲು ಹಾಕಿದ. ಆ ಮೋರಿ ಇವತ್ತಿಗೂ ಅಲುಗಿಲ್ಲ.

ಆಫೀಸಿನಲ್ಲಿ ಅವಳನ್ನು ನೀರು ಕುಡಿಯುವ ಅಧಿಕಾರಿಣಿ ಎಂದು ಆಡಿಕೊಳ್ಳುತ್ತಿದ್ದರು. ನನಗೆ ಮಾತ್ರ ಅದು ಬಿರುದಿನಂತೆ ಕೇಳುತ್ತಿತ್ತು.

ಅವಳ ಕೊನೆಯ ಕೆಲಸ ಅಸುಪಾ ಹೊಳೆಯ ಸೇತುವೆ.

ಹೋದ ಮಳೆಗಾಲದಲ್ಲಿ ಹಳೆಯ ಸೇತುವೆಯನ್ನು ಹೊಳೆ ಹೊತ್ತುಕೊಂಡು ಹೋಯಿತು. ಆಚೆ ದಡದ ಹಳ್ಳಿಗಳವರಿಗೆ ಆಸ್ಪತ್ರೆ ಈಚೆ ದಡದಲ್ಲಿದೆ. ಈಗ ಮರದ ದಿಮ್ಮಿಗಳ ಮೇಲೆ ಜನ ದಾಟುತ್ತಾರೆ. ಹೆರಿಗೆಯ ಹೆಂಗಸರನ್ನು ಕುರ್ಚಿಯಲ್ಲಿ ಕೂರಿಸಿ ಅದೇ ದಿಮ್ಮಿಗಳ ಮೇಲೆ ದಾಟಿಸುತ್ತಾರೆ. ಮಳೆ ಮತ್ತೆ ಬಂದರೆ ದಿಮ್ಮಿಗಳೂ ಇರುವುದಿಲ್ಲ. ಆದುದರಿಂದ ಈ ಸಲ ಮೊದಲು ತೂಗುವುದು ವೇಗವನ್ನು, ಮೊದಲ ದೊಡ್ಡ ಮಳೆಗೆ ಮುಂಚೆ ಮುಗಿಸುವವರಿಗೇ ಕಾರ್ಯಾದೇಶ ಎಂದು ಅವಳು ನಾಲ್ವರಿಗೂ ಹೇಳಿದ್ದಳು. ಪ್ರತಿಯೊಬ್ಬರೂ ಯಾವ ದಿನ ಯಾವ ಕೆಲಸ ಎಂದು ಯೋಜನೆ ಕೊಡಬೇಕಾಗಿತ್ತು.

ಆ ದಿನಗಳಲ್ಲಿ ಒಂದು ಭಾನುವಾರ ಅವಳು ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಫುಫು ಮುದ್ದೆ ಮುರಿಯುತ್ತ ಕೇಳಿದಳು.

“ವೋಫಾ, ನಿಮ್ಮ ಚರ್ಚಿನವರು ಮಂಗಳವಾರ ಅಸುಪಾಗೆ ಇಳಿದು ಕೆಲಸ ಮಾಡ್ತಾರಾ?”

ಮಂಗಳವಾರ ಅಸುಪಾ ಮಲಗುವ ದಿನ. ಆ ದಿನ ಯಾರೂ ಗುದ್ದಲಿ, ಹಾರೆ ಹಿಡಿದು ಹೊಳೆಗೆ ಇಳಿಯುವುದಿಲ್ಲ. ನಮ್ಮ ಅಜ್ಜನ ಅಜ್ಜಂದಿರ ಕಾಲದಿಂದ ಹೀಗೆ. ನಾನು ಪ್ರೆಸ್ಬಿಟೇರಿಯನ್ ಸಭೆಯ ಹಿರಿಯ. ಆ ಮಾತಿಗೆ ನನಗೆ ಸಿಟ್ಟು ಬಂತು.

“ಹೊಳೆಯನ್ನ ಉಂಟುಮಾಡಿದ ದೇವರನ್ನ ನಂಬಿದವರು ನಾವು. ಹೊಳೆಗೆಂಥ ವಾರ? ಖಂಡಿತ ಇಳೀತಾರೆ!”

“ಕೇಳಿ ನೋಡಿ ವೋಫಾ. ನೀವು ಕೇಳಿದ್ರೆ ಬಾಯಿ ಬಿಡ್ತಾರೆ.”

ಮುಂದಿನ ಭಾನುವಾರ ಪ್ರಾರ್ಥನೆ ಮುಗಿದು ಪ್ರಕಟಣೆಗಳ ಹೊತ್ತಿನಲ್ಲಿ ಎದ್ದು ನಿಂತು ಕೇಳಿದೆ. ಮಂಗಳವಾರ ಸೇತುವೆಯ ಕೂಲಿಗೆ ಬರುವವರು ಕೈ ಎತ್ತಿ. ತುಂಬಿದ ಚರ್ಚಿನಲ್ಲಿ ಒಂದು ಕೈಯೂ ಏಳಲಿಲ್ಲ. ಜನ ಹಾಡಿನ ಪುಸ್ತಕ ತೆರೆದು ಓದತೊಡಗಿದರು. ಹೆಂಗಸರ ಸಾಲಿನಿಂದ ಒಬ್ಬ ಮುದುಕಿ ಎದ್ದಳು.

“ಒಪನಿನ್, ಮೊದ್ಲು ನೀವು ಬಟ್ಟೆ ಎತ್ತಿ ಕಟ್ಕೊಂಡು ಇಳೀರಿ. ನಾವು ದಡದಲ್ಲಿ ನಿಂತು ಹಾಡು ಹೇಳ್ತೀವಿ.”

ಬೋಧಕರೂ ನಕ್ಕುಬಿಟ್ಟರು. ನಾನು ಈ ಅವಮಾನವನ್ನು ಹೇಳಿಕೊಂಡಾಗ ಬಿರಾಗೊ ಮಾತ್ರ ನಗಲಿಲ್ಲ.

“ನಾನು ಹೊಳೆಗೆ ಹೆದರಿ ಕೇಳಿದ್ದಲ್ಲ ವೋಫಾ. ನಾನೂ ನಿಮ್ಮ ಕೈಯಲ್ಲೇ ಪ್ರಾರ್ಥನೆ ಕಲಿತವಳು. ಆದ್ರೆ ಆ ದಿನ ಜನರ ಕಾಲು ಮನೇಲಿರುತ್ತೆ. ಕಾಲಿಲ್ದೆ ಸೇತುವೆ ಏಳಲ್ಲ.” ಆಮೇಲೆ ಕೇಳಿದಳು. “ಗುರುವಾರ ಮಲಗೋ ಹೊಳೆ ಯಾವ ಕಡೆ ಇದೆ?”

“ಎಷ್ಟೋ ಇವೆ. ಕುಮಾಸಿಯಿಂದಾಚೆ ತುಂಬ ಊರುಗಳಲ್ಲಿ ಗುರುವಾರವೇ. ಯಾಕೆ?”

“ಒಬ್ರು ಮಂಗಳವಾರವೆಲ್ಲ ಹೊಳೆಯೊಳಗಿನ ಕೆಲಸ ಇಟ್ಟು, ಗುರುವಾರವನ್ನೆಲ್ಲ ಖಾಲಿ ಬಿಟ್ಟಿದ್ದಾರೆ. ಯಾರು ಅಂತ ಕೇಳ್ಬೇಡಿ, ಹೇಳಲ್ಲ. ಒಳ್ಳೆ ಕೆಲಸಗಾರ. ಮಂಗಳವಾರಗಳು ಹೋದ್ರೆ ಅವರ ಕೆಲಸ ಮಳೆಯೊಳಗೆ ಹೋಗಿ ನಿಲ್ಲುತ್ತೆ.”

“ಕರೆದು ತಿದ್ದಿಸು.”

“ಒಬ್ಬರಿಗೆ ಮಾತ್ರ ತಿದ್ದೋಕೆ ಬಿಟ್ರೆ ಉಳಿದ ಮೂವರ ಮನೇಲಿ ಯಾವ ಮುಖ ಇಟ್ಕೊಂಡು ನೀರು ಕುಡೀಲಿ ವೋಫಾ?”

ಕಾರ್ಯಾದೇಶ ಮಾಮೆ ಪೊಕುವಾಳಿಗೆ ಎಂದು ಸಮಿತಿ ತೀರ್ಮಾನಿಸಿತು. ನಾಲ್ವರಲ್ಲಿ ಅವಳೊಬ್ಬಳೇ ಹೆಂಗಸು. ಗಂಡ ಸತ್ತ ಮೇಲೆ ಅವನ ಕಾಂಕ್ರೀಟು ಮಿಕ್ಸರನ್ನು ತಾನೇ ಓಡಿಸಲು ಕಲಿತವಳು. ನಮ್ಮ ಚರ್ಚಿನಲ್ಲಿ ಹಾಡುವವಳು ಕೂಡ. ಆ ಕೊನೆಯ ಮಾತೇ ಮುಂದೆ ಮುಳ್ಳಾಯಿತು.

ನಮ್ಮಲ್ಲಿ ಹೆಣವನ್ನು ಆಸ್ಪತ್ರೆಯಲ್ಲಿ ಕಾಪಿಟ್ಟು, ವಾರಗಳು ಕಳೆದ ಮೇಲೆ ಮಣ್ಣು ಮಾಡುತ್ತೇವೆ. ಅದಕ್ಕೆ ಮುಂಚೆ, ಬಿರಾಗೊ ಹೋದ ಎಂಟನೆಯ ದಿನದ ಕೂಟಕ್ಕೆ ನಮ್ಮ ಅಂಗಳದಲ್ಲಿ ಶಾಮಿಯಾನ ಹಾಕಿದ್ದೆವು. ಸಾವಿನ ದುಃಖಕ್ಕೆ ಉಡುವ ಕಪ್ಪು ಕೆಂಪು ಬಟ್ಟೆ ತೊಟ್ಟ ಜನ ಬೀದಿಯವರೆಗೂ ಕುಳಿತಿದ್ದರು. ಜಿಲ್ಲಾ ಸಭೆಯ ಮುಖ್ಯಸ್ಥರು ಪರಿವಾರದೊಂದಿಗೆ ಬಂದು ಸಾಲಿನಲ್ಲಿ ಎಲ್ಲರ ಕೈಕುಲುಕಿ ನನ್ನ ಬಳಿ ಕುಳಿತರು. ಅವಳ ಬಗ್ಗೆ ಒಳ್ಳೆಯ ಮಾತಾಡಿದರು. ಆಮೇಲೆ ದನಿ ತಗ್ಗಿಸಿದರು.

“ಒಪನಿನ್, ನಿಮಗೆ ಬೇರೆ ಕಡೆಯಿಂದ ತಿಳಿಯೋದು ಬೇಡ, ನಾನೇ ಹೇಳ್ತೀನಿ. ಅಸುಪಾ ಸೇತುವೆ ಆದೇಶ ರದ್ದಾಗುತ್ತೆ. ಡಾರ್ಕೊ ದೂರು ಕೊಟ್ಟಿದ್ದಾರೆ. ಯಾಕೆ ಸೋತೆ ಅಂತ ತನಗೆ ಯಾರೂ ಹೇಳಲೇ ಇಲ್ಲ ಅಂತ. ನಿಯಮದ ಪ್ರಕಾರ ಸರಿ. ಕಾರಣ ಹೇಳದೆ ಆಯ್ಕೆ ಪೂರ್ತಿ ಆಗಲ್ಲ.”

“ಅವಳು ಅಲ್ಲಿಗೇ ಹೊರಟಿದ್ದಳು.”

“ಹೊರಟಿದ್ರು, ತಲುಪಲಿಲ್ಲ.” ಅವರು ಸುತ್ತ ನೋಡಿದರು. “ಜನ ಬೇರೆ ಮಾತಾಡ್ತಿದ್ದಾರೆ. ಪೊಕುವಾ ನಿಮ್ಮ ಚರ್ಚಿನವಳು. ಮೇಡಂ ತಮ್ಮವರಿಗೇ ಕೊಟ್ರು, ಅದಕ್ಕೇ ಡಾರ್ಕೊ ಮುಖ ನೋಡೋಕೆ ಆಗಲಿಲ್ಲ ಅಂತ. ಹೊಸದಾಗಿ ಆರಿಸಿದ್ರೆ ಬಾಯಿಗಳು ಮುಚ್ಚುತ್ತವೆ.”

“ಹೊಸದಾಗಿ ಆರಿಸೋಷ್ಟರಲ್ಲಿ ಮಳೆ ಬರುತ್ತೆ.”

“ಮಳೆ ದೇವರ ಕೈಲಿದೆ ಒಪನಿನ್.”

ಅವರು ಎದ್ದು ಹೋದರು. ಬಾಳೆಲ್ಲ ನೇರವಾಗಿ ನಡೆದ ಹೆಣ್ಣು. ಈಗ ಮಣ್ಣಾಗುವ ಮೊದಲೇ ಅವಳ ಹೆಸರಿಗೆ ಮಸಿ ಹತ್ತಲಿದೆ, ಅದನ್ನು ಒರೆಸಲು ಅವಳಿಲ್ಲ. ಮಾಮೆ ಪೊಕುವಾ ನಮ್ಮ ಹಿಂದೆಯೇ ಇದ್ದ ಹಾಡುವವರ ಸಾಲಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಂದು ನನ್ನ ಮುಂದೆ ಕುಕ್ಕುರುಕೂತಳು.

“ಒಪನಿನ್, ನಾನೇ ಬಿಟ್ಟುಕೊಡ್ತೀನಿ. ನನ್ನಿಂದ ಮೇಡಂಗೆ ಮಾತು ಬರೋದು ಬೇಡ.”

“ಬಿಟ್ಟುಕೊಟ್ರೆ ಮಾತು ನಿಜ ಆಗುತ್ತಮ್ಮ” ಎಂದೆ. “ಏಳು.”

ಬಾಫೋ ಮತ್ತು ಅಲ್ಹಾಜಿಯವರನ್ನು ಕರೆದೆ. “ಅವಳು ಹೊರಟ ದಾರಿ ಅರ್ಧಕ್ಕೆ ನಿಂತಿದೆ. ಸತ್ತವರ ಕೆಲಸ ಮನೆಯವರು ಮುಗಿಸ್ಬೇಕು. ನಾಳೆ ಡಾರ್ಕೊ ಮನೆಗೆ ನಾನು ಹೋಗ್ತೀನಿ. ನನ್ನ ಜೊತೆ ಯಾರು ಬರ್ತೀರಿ?”

“ಒಪನಿನ್, ಮೇಡಂ ನನ್ನ ಮನೆಗೆ ಎಷ್ಟು ಸಲ ಬಂದಿದ್ದಾರೆ ಅಂತ ನನ್ನ ಹೆಂಡ್ತಿನ ಕೇಳಿ” ಎಂದ ಬಾಫೋ. “ನಮ್ಮ ಮನೆ ಲೋಟಕ್ಕೆ ಅವರ ಗುರುತಿದೆ. ಬರದೇ ಇರ್ತೀನಾ?”

ಅಲ್ಹಾಜಿ ತಲೆಯಾಡಿಸಿದರು.

ಡಾರ್ಕೊನ ಮನೆ ಕುಮಾಸಿ ರಸ್ತೆಯ ಬಳಿ ಹೊಸದಾಗಿ ಕಟ್ಟಿದ್ದು. ಅವನು ಹೊರಗಿನಿಂದ ಬಂದು ಇಲ್ಲಿ ಬೇರೂರಿದವನು. ವಯಸ್ಸಿನಲ್ಲಿ ನಮ್ಮೆಲ್ಲರಿಗಿಂತ ಕಿರಿಯ. ನಾವು ದುಃಖದ ಬಟ್ಟೆಯಲ್ಲಿ ಬಾಗಿಲಿಗೆ ಬಂದದ್ದನ್ನು ಕಂಡು ಅವನ ಮುಖ ಬಿಗಿಯಿತು. ಆದರೂ ಒಳಗೆ ಕರೆದು, ತೊಗಲಿನ ಸೋಫಾದಲ್ಲಿ ಕೂರಿಸಿ, ಫ್ರಿಜ್ಜಿನಿಂದ ಮಾಲ್ಟ್ ಎಂಬ ಸಿಹಿ ಪಾನೀಯದ ಬಾಟಲಿಗಳನ್ನು ತಂದಿಟ್ಟ.

“ನೀರು ಕೊಡಪ್ಪ” ಎಂದೆ.

“ಒಪನಿನ್, ಇದು ತಣ್ಣಗಿದೆ. ಮೇಡಂ ಬಂದಾಗಲೂ ಇದನ್ನೇ ಕೊಟ್ಟಿದ್ದೆ.”

ಬಾಫೋ ಮುಂದೆ ಬಾಗಿದ. “ಬಂದಿದ್ರಾ? ಇಲ್ಲಿಗೆ?”

“ತೀರಿಕೊಳ್ಳೋ ಹಿಂದಿನ ವಾರ ಒಂದು ಸಲ ಬಂದಿದ್ರು. ನಾನು ಫೋನಲ್ಲಿದ್ದೆ. ಸಿಮೆಂಟ್ ಲಾರಿ ಎಲ್ಲೋ ಸಿಕ್ಕಿಹಾಕ್ಕೊಂಡಿತ್ತು. ಅವರು ಮಾಲ್ಟ್ ಕುಡಿದ್ರು, ಗೋಡೆ ಮೇಲಿನ ಫೋಟೋ ನೋಡಿದ್ರು, ಮತ್ತೆ ಬರ್ತೀನಿ ಅಂದು ಹೋದ್ರು. ಏನೂ ಹೇಳಲಿಲ್ಲ.”

“ಬಂದ ಕಾರಣ ನೀನು ಕೇಳಿದ್ಯಾ?”

ಡಾರ್ಕೊ ಒಂದು ಬಾಟಲಿಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ.

“ಕೇಳದೇ ಇದ್ರೆ ಅವರು ಹೇಳೋದು ಹೇಗೆ ಮಗು?” ಎಂದರು ಅಲ್ಹಾಜಿ. “ಮನೆ ಕಟ್ಟಿದ್ದೀಯ, ಸೋಫಾ ತಂದಿದ್ದೀಯ. ಅತಿಥಿಗೆ ನೀರು ಕೊಟ್ಟು ಮಾತಾಡ್ಸೋಕೆ ಕುಮಾಸಿಯಿಂದ ಆಳು ತರಿಸ್ಬೇಕಾ?”

ಡಾರ್ಕೊ ಕೆರಳಿ ಎದ್ದು ನಿಂತ. “ನೀವೆಲ್ಲ ಒಂದೇ ಊರಿನವರು. ಒಬ್ಬರಿಗೊಬ್ಬರು ಆಗ್ತೀರಿ. ನನಗೆ ಗೊತ್ತಿಲ್ವಾ ಯಾಕೆ ಸೋತೆ ಅಂತ? ನಾನು ಹೊರಗಿನವನು, ಪೊಕುವಾ ಒಪನಿನ್ ಚರ್ಚಿನವಳು. ಅಷ್ಟೇ.”

ನನಗೆ ಬಂದ ಕೋಪವನ್ನು ನಾನು ನುಂಗಿಕೊಳ್ಳುವಷ್ಟರಲ್ಲಿ ಬಾಫೋ ನಕ್ಕ. ಆ ವಾರವಿಡೀ ಅವನು ನಕ್ಕಿರಲಿಲ್ಲ.

“ಅಯ್ಯೋ ಹುಡುಗ, ನಾನೂ ಒಪನಿನ್ ಚರ್ಚಿನವನೇ. ನಾನು ಯಾಕೆ ಸೋತೆ ಗೊತ್ತಾ? ಹೇಳ್ಲಾ? ಶಾಲೆ ಹತ್ರ ನಾನು ಕಟ್ಟಿದ ಕಿರುಸೇತುವೆಯ ಪಕ್ಕದ ಗೋಡೆ ಮೊದಲ ಮಳೆಗೇ ಬಿತ್ತು. ನನ್ನ ಮೇಸ್ತ್ರಿ ಅಡಿಪಾಯ ಆಳಕ್ಕೆ ಇಳಿಸಿರಲಿಲ್ಲ, ನಾನೂ ಹೋಗಿ ನೋಡಿರಲಿಲ್ಲ. ಮೇಡಂ ನನ್ನ ಹೆಂಡ್ತಿ ಎದುರಿಗೇ ಹೇಳಿದ್ರು. ಆಮೇಲೆ ಹೆಂಡ್ತಿ ಬೇರೆ ಹೇಳಿದ್ಲು, ಅದನ್ನ ನಿನ್ನ ಮುಂದೆ ಹೇಳಲ್ಲ.”

ಅಲ್ಹಾಜಿ ಗಂಟಲು ಸರಿಪಡಿಸಿಕೊಂಡರು. ಅವರು ತಮ್ಮ ಸೋಲನ್ನು ಬಾಯಿಬಿಟ್ಟು ಹೇಳುವ ಜಾತಿಯ ಮನುಷ್ಯರಲ್ಲ. ನೆಲ ನೋಡುತ್ತ ಹೇಳಿದರು.

“ನನ್ನ ಎರಡು ಕೆಲಸ ಅರ್ಧಕ್ಕೆ ನಿಂತಿವೆ. ಮಾರುಕಟ್ಟೆ ಚರಂಡಿ ಒಂದು, ಬಸ್ ನಿಲ್ದಾಣ ಒಂದು. ‘ಅಲ್ಹಾಜಿ, ನಿಮ್ಮ ಮೇಸ್ತ್ರಿಗಳು ಮೂರನೇ ಕಡೆ ಹೇಗೆ ನಿಲ್ತಾರೆ’ ಅಂದ್ರು ಮೇಡಂ. ನನ್ನ ಮನೆ ನೀರು ಕುಡಿದು ಹೇಳಿದ್ದು. ಸುಳ್ಳಲ್ಲ.”

ಡಾರ್ಕೊ ಒಬ್ಬರಾದ ಮೇಲೊಬ್ಬರ ಮುಖ ನೋಡಿದ. ವ್ಯಾಪಾರದ ಪೈಪೋಟಿಯಲ್ಲಿ ಯಾರೂ ಇನ್ನೊಬ್ಬನ ಮುಂದೆ ಹೀಗೆ ತಮ್ಮ ಹುಳುಕನ್ನು ತೆರೆದಿಡುವುದಿಲ್ಲ. ಅವನು ನಿಧಾನವಾಗಿ ಒಳಗೆ ಹೋದ. ಸ್ವಲ್ಪ ಹೊತ್ತು ಬರಲಿಲ್ಲ. ಆಮೇಲೆ ತಟ್ಟೆಯಲ್ಲಿ ಮೂರು ಲೋಟ ನೀರಿಟ್ಟುಕೊಂಡು ಬಂದು, ಮೊದಲು ನನಗೆ, ಆಮೇಲೆ ಅಲ್ಹಾಜಿಯವರಿಗೆ, ಆಮೇಲೆ ಬಾಫೋಗೆ ಕೊಟ್ಟ. ನಾವು ಕುಡಿದೆವು. ಅವನು ಎದುರಿಗೆ ಸಣ್ಣ ಮಣೆ ಹಾಕಿಕೊಂಡು ಕುಳಿತ. ಸೋಫಾದಲ್ಲಿ ಕೂರಲಿಲ್ಲ.

“ಇಲ್ಲಿ ಎಲ್ಲ ತಣ್ಣಗಿದೆ” ಎಂದ. “ದಾರಿ ನಡೆದು ಬಂದವರು ನೀವು.”

ನಾನು ಹೊದ್ದ ಬಟ್ಟೆಯನ್ನು ಗೌರವಕ್ಕೆ ಹೆಗಲಿನಿಂದ ಇಳಿಸಿ ಹೇಳಿದೆ. “ನನ್ನ ತಂಗಿಯ ಮಗಳು ಬಿರಾಗೊ ನಿನ್ನ ಮನೆಗೆ ಹೊರಟಿದ್ದಳು. ಕರ್ತನು ಅವಳನ್ನು ದಾರಿಯಲ್ಲೇ ಕರೆದುಕೊಂಡ. ಅವಳು ತರುತ್ತಿದ್ದ ಮಾತನ್ನು ನಾನು ತಂದಿದ್ದೇನೆ. ಒಂದು ಯೋಜನೆಯಲ್ಲಿ ಮಂಗಳವಾರವೆಲ್ಲ ಹೊಳೆಯೊಳಗಿನ ಕೆಲಸ ಇತ್ತು, ಗುರುವಾರವೆಲ್ಲ ಖಾಲಿ ಇತ್ತು. ಯಾರದೆಂದು ಅವಳು ನನಗೆ ಹೇಳಲಿಲ್ಲ. ಈ ಇಬ್ಬರು ತಮ್ಮ ಕಾರಣ ಹೇಳಿದರು. ಪೊಕುವಾ ಗೆದ್ದಳು. ಹಾಗಾದರೆ ಅದು ನಿನ್ನದೇ. ಅಸುಪಾ ಮಂಗಳವಾರ ಮಲಗುತ್ತದೆ. ಆ ದಿನ ಈ ಊರಿನ ಒಬ್ಬ ಕೂಲಿಯವನೂ ಬರುವುದಿಲ್ಲ. ನನ್ನ ಚರ್ಚಿನವರನ್ನೇ ಕೇಳಿ ಸೋತವನು ನಾನು. ಆ ದಿನಗಳು ಹೋದರೆ ನಿನ್ನ ಕೆಲಸ ಮಳೆಗೆ ಮುಂಚೆ ಮುಗಿಯುವುದಿಲ್ಲ. ನೀನು ಸೋತದ್ದು ಇದರಿಂದ. ಅವಳು ನಿನ್ನನ್ನು ಒಳ್ಳೆಯ ಕೆಲಸಗಾರ ಎಂದಳು. ಅದನ್ನೂ ಹೇಳಬೇಕು.”

ಡಾರ್ಕೊ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡ.

“ನಮ್ಮೂರಲ್ಲಿ ಹೊಳೆ ಮಲಗೋದು ಗುರುವಾರ. ಜಾಗ ನೋಡೋಕೆ ಕರೆದ ದಿನ ನಾನು ಹೋಗಲಿಲ್ಲ, ಡ್ರೈವರ್‌ನ ಕಳಿಸಿದ್ದೆ. ‘ಹೊಳೆಗೂ ಒಂದು ದಿನ ರಜೆ ಅಂತೆ’ ಅಂದ. ಯಾವ ದಿನ ಅಂತ ನಾನು ಕೇಳಲೇ ಇಲ್ಲ. ಹೊಳೆ ಅಂದ್ರೆ ಗುರುವಾರ ಅಂತಲೇ ನನ್ನ ತಲೇಲಿತ್ತು. ನಮ್ಮಜ್ಜಿ ಕೈ ಹಿಡಿದು ಕಲಿಸಿದ್ದು.” ಅವನು ಗೋಡೆಯತ್ತ ನೋಡಿದ. ಅಲ್ಲಿ ಹೊಳೆಯ ದಡದಲ್ಲಿ ನಿಂತ ಒಬ್ಬ ಮುದುಕಿಯ ಫೋಟೋ ಇತ್ತು. “ಮೇಡಂ ಇದನ್ನೇ ನೋಡ್ತಾ ಕೂತಿದ್ರು.”

“ಗುರುವಾರ ನಿಮ್ಮಜ್ಜಿ ಹೊಳೆಗೆ, ಮಂಗಳವಾರ ನಮ್ಮ ಹೊಳೆಗೆ, ಶುಕ್ರವಾರ ಅಲ್ಹಾಜಿಗೆ, ಭಾನುವಾರ ಒಪನಿನ್‌ಗೆ” ಎಂದ ಬಾಫೋ. “ಉಳಿದ ದಿನದಲ್ಲಿ ನೀನು ಸೇತುವೆ ಕಟ್ಟು, ನಿನ್ನ ಮೊಮ್ಮಕ್ಕಳು ಬಂದು ಉದ್ಘಾಟನೆ ಮಾಡ್ಲಿ.”

ಅಲ್ಹಾಜಿ ಮೊದಲು ನಕ್ಕರು. ಆಮೇಲೆ ಡಾರ್ಕೊ. ನಗುತ್ತಲೇ ಅವನ ಕಣ್ಣು ತುಂಬಿತು.

ಸೋಮವಾರ ಅವನು ಜಿಲ್ಲಾ ಸಭೆಯ ಮುಖ್ಯಸ್ಥರ ಕೋಣೆಗೆ ಹೋಗುವಾಗ ನಮ್ಮನ್ನೂ ಕರೆದುಕೊಂಡು ಹೋದ. ದೂರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದ.

ಮುಖ್ಯಸ್ಥರಿಗೆ ಅದು ಹಿಡಿಸಲಿಲ್ಲ. “ದೂರು ಹೋದ್ರೂ ನಿಯಮ ಇದೆಯಲ್ಲ? ಸೋತವರೆಲ್ಲರಿಗೂ ಕಾರಣ ತಿಳಿಸಿರಬೇಕು. ನಿಮಗೆ ತಿಳಿಸಿಲ್ಲ ಅಂತ ನೀವೇ ಬರೆದುಕೊಟ್ಟಿದ್ದೀರಿ.”

“ಆಗ ತಿಳಿಸಿರಲಿಲ್ಲ. ಈಗ ತಿಳಿಸಿದ್ದಾರೆ.”

“ಯಾರು? ಆ ಮೇಡಂ ಸತ್ತು ವಾರ ಕಳೆದಿದೆ.”

“ಅವರ ಮನೆಯ ಹಿರಿಯರು ಬಂದಿದ್ರು. ನಾನು ನೀರು ಕೊಟ್ಟು ಬಂದ ಕಾರಣ ಕೇಳಿದೆ. ಅವರು ಹೇಳಿದ್ರು. ನಾನು ಒಪ್ಪಿದೆ. ಕಾಗದ ಬೇಕಾದ್ರೆ ಅವರ ಕೈಕೆಳಗಿನವರು ಬರೆಯಲಿ, ಸಹಿ ಹಾಕ್ತೀನಿ.”

ಮುಖ್ಯಸ್ಥರು ನನ್ನ ಕಡೆ ನೋಡಿದರು. ಅವರೂ ನಮ್ಮ ಜನರೇ. ಸತ್ತವರ ಮಾತನ್ನು ಮನೆಯ ಹಿರಿಯನು ಹೊತ್ತು ತಂದು, ಎದುರಿನವನು ನೀರು ಕೊಟ್ಟು ಅದನ್ನು ಪಡೆದ ಮೇಲೆ, ಅದು ತಲುಪಲಿಲ್ಲ ಎಂದು ಹೇಳುವ ನಾಲಿಗೆ ನಮ್ಮ ನೆಲದಲ್ಲಿ ಇನ್ನೂ ಹುಟ್ಟಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು. ಬಾಗಿಲಲ್ಲಿ ನಿಂತಿದ್ದ ಪೊಕುವಾಳನ್ನು ಒಳಗೆ ಕರೆದರು.

“ಯಾವಾಗ ಶುರು ಮಾಡ್ತೀಯಮ್ಮ?”

“ಬುಧವಾರ” ಎಂದಳು ಪೊಕುವಾ. “ಮಂಗಳವಾರ ಅಂತೂ ಅಲ್ಲ.”

ಬಿರಾಗೊಳನ್ನು ಮಣ್ಣು ಮಾಡಿದ್ದು ಮುಂದಿನ ತಿಂಗಳ ಒಂದು ಶನಿವಾರ. ಅಷ್ಟರಲ್ಲಿ ಅಸುಪಾದ ಎರಡೂ ದಡದಲ್ಲಿ ಕಂಬಗಳು ಎದ್ದಿದ್ದವು. ಪೊಕುವಾಳ ಮಿಕ್ಸರು ಒಂದು ದಿನ ಕೆಟ್ಟಾಗ ಡಾರ್ಕೊ ತನ್ನದನ್ನು ಕಳಿಸಿದನೆಂದು ಕೇಳಿದೆ. ಅಂತ್ಯಕ್ರಿಯೆಗೆ ನಾಲ್ವರು ಗುತ್ತಿಗೆದಾರರೂ ಒಂದೇ ಬಗೆಯ ಬಟ್ಟೆ ಹೊಲಿಸಿಕೊಂಡು ಒಂದೇ ಸಾಲಿನಲ್ಲಿ ಬಂದರು. ನಮ್ಮಲ್ಲಿ ಒಂದೇ ಬಟ್ಟೆ ಉಡುವುದು ಮನೆಮಂದಿ. ಅವರನ್ನು ಕಂಡು ಕುಟುಂಬದ ಕೆಲವರು ಹುಬ್ಬೇರಿಸಿದರು. ನಾನು ಅವರನ್ನು ಕರೆದು ನಮ್ಮ ಸಾಲಿನಲ್ಲೇ ಕೂರಿಸಿದೆ. ಊರಿನ ಯಾವ ಅಧಿಕಾರಿಯ ಹೆಣದ ಹಿಂದೆ, ಅವನಿಂದ ಸೋತವರು ಹೀಗೆ ನಡೆದದ್ದನ್ನು ನಾನು ಕಂಡಿಲ್ಲ. ನನ್ನ ದುಃಖ ದೊಡ್ಡದು. ಆದರೆ ಆ ದಿನ ನಾನು ತಲೆ ತಗ್ಗಿಸಿ ನಡೆಯಲಿಲ್ಲ.

ಗುಂಡಿಯ ಬಳಿ ಬೋಧಕರು ತಮ್ಮ ಮಾತು ಮುಗಿಸಿ, ಸಭೆಯ ಹಿರಿಯನೂ ಮನೆಯ ಹಿರಿಯನೂ ಆದ ನನ್ನನ್ನು ಪ್ರಾರ್ಥಿಸಲು ಕರೆದರು. ಬರೆದಿಟ್ಟುಕೊಂಡದ್ದು ಯಾವುದೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

“ಕರ್ತನೇ, ನಮ್ಮ ಮಗಳು ಬಿರಾಗೊ ದೂರದ ದಾರಿ ನಡೆದು ನಿನ್ನ ಬಾಗಿಲಿಗೆ ಬಂದಿದ್ದಾಳೆ. ಬಿಸಿಲಲ್ಲಿ ತಿರುಗಿದವಳು, ಬಾಯಾರಿದ್ದಾಳೆ. ಅವಳಿಗೆ ಕೂರಲು ಜಾಗ ಕೊಡು. ನಿನ್ನ ಕೈಯಿಂದಲೇ ನೀರು ಕೊಡು. ಆಮೇಲೆ ಬಂದ ಕಾರಣ ಕೇಳು. ಅವಳು ಸುಳ್ಳು ಹೇಳುವುದಿಲ್ಲ. ಹೇಳಿ ಮುಗಿದ ಮೇಲೆ ಅವಳನ್ನು ಮತ್ತೆ ಯಾವ ದಾರಿಗೂ ಕಳಿಸಬೇಡ. ನಿನ್ನ ಮನೆಯ ನೆರಳಿನಲ್ಲಿ ಅವಳು ತಣ್ಣಗೆ ಮಲಗಲಿ. ಆಮೆನ್.”